ಓದುವ ಮಗಳಿಗೆ ಯಾವ ಶಾಲೆ?

ಇಂಗ್ಲೆಂಡಿನ ಹೆಣ್ಣುಮಕ್ಕಳ ಪ್ರೌಢಶಾಲೆಗಳ ಚರಿತ್ರೆಯಿಂದ ಒಂದು ವಿಚಾರ

ಮಗಳು ಓದಿನಲ್ಲಿ ಚುರುಕಾಗಿದ್ದರೆ ತಂದೆತಾಯಿಗಳಿಗೆ ಸಂತೋಷ. ಆ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಹುಟ್ಟುತ್ತದೆ. ಪ್ರಾಥಮಿಕ ಶಾಲೆಯನ್ನು ಮುಗಿಸಿದ ಇವಳನ್ನು ಮುಂದೆ ಎಲ್ಲಿಗೆ ಸೇರಿಸುವುದು? ಒಂದೇ ಶಾಲೆಯಿರುವ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಎರಡು ಮೂರು ಶಾಲೆಗಳಿದ್ದು, ಅವೆಲ್ಲವೂ ಹೆಸರಾಂತವೇ ಆಗಿದ್ದು, ಮಗಳಿಗೆ ಎಲ್ಲ ಕಡೆಯೂ ಪ್ರವೇಶ ದೊರೆತಿದ್ದರೆ ಆಗ ನಿಜವಾದ ಪೇಚು. ಆಗ ಹಿರಿಯರು ಕಟ್ಟಡವನ್ನು ನೋಡುತ್ತಾರೆ, ಫಲಿತಾಂಶದ ಪಟ್ಟಿಯನ್ನು ನೋಡುತ್ತಾರೆ, ನೆರೆಹೊರೆಯವರ ಮಾತನ್ನು ಕೇಳುತ್ತಾರೆ. ಕೊನೆಗೆ ಊರಿನ ಉಪಾಧ್ಯಾಯರ ಬಳಿಗೆ ಬಂದು, “ಮೇಷ್ಟ್ರೇ, ನೀವೇ ಹೇಳಿ” ಎನ್ನುತ್ತಾರೆ.

ಇಂಗ್ಲೆಂಡಿನಲ್ಲಿ, ಅದರಲ್ಲೂ ಲಂಡನ್ನಿನಲ್ಲಿ, ಈ ಚಿಂತೆ ವರ್ಷಂಪ್ರತಿ ಸಾವಿರಾರು ಮನೆಗಳನ್ನು ಹೊಕ್ಕುಬರುತ್ತದೆ. ಆ ದೇಶದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಮಂದಿ ಸರ್ಕಾರದ ವೆಚ್ಚದಲ್ಲಿ ನಡೆಯುವ, ಫೀಜಿಲ್ಲದ ಶಾಲೆಗಳಲ್ಲಿ ಓದುತ್ತಾರೆ. ಉಳಿದವರು ಖಾಸಗಿ ಶಾಲೆಗಳಿಗೆ ಹೋಗುತ್ತಾರೆ. ಈ ಖಾಸಗಿ ಶಾಲೆಗಳಲ್ಲಿ ಕೆಲವು ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಪ್ರವೇಶ ಪರೀಕ್ಷೆ ನಡೆಸಿ, ಕರೆದು ಮಾತನಾಡಿಸಿ, ಬೇಕಾದವರನ್ನು ಆಯ್ದುಕೊಳ್ಳುತ್ತವೆ. ಪರೀಕ್ಷೆ ಚಳಿಗಾಲದಲ್ಲಿ, ಉತ್ತರ ಬರುವುದು ಅದರ ಬೆನ್ನಿಗೆ, ಆಮೇಲೆ ಕೆಲವೇ ವಾರಗಳಲ್ಲಿ ತಂದೆತಾಯಿಗಳು ತಮ್ಮ ನಿರ್ಧಾರವನ್ನು ತಿಳಿಸಬೇಕು. ಓದುವ ಮಗಳಿಗೆ ಎರಡು ಮೂರು ಕಡೆ ಸ್ಥಾನ ದೊರೆತರೆ, ಶಾಲೆ ಅವಳನ್ನು ಆಯ್ದ ಮೇಲೆ ಅವಳು ಶಾಲೆಯನ್ನು ಆಯಬೇಕಾಗುತ್ತದೆ.

ಈ ಎರಡನೆಯ ಆಯ್ಕೆಗೆ ಅಳತೆಗೋಲು ಯಾವುದು? ಆ ಶಾಲೆಗಳು ಹುಟ್ಟಿದ ಬಗೆಯನ್ನು ಪರಿಶೀಲಿಸಿದರೆ ಇದಕ್ಕೆ ತಕ್ಕಮಟ್ಟಿನ ಉತ್ತರ ಸಿಕ್ಕುತ್ತದೆಂದು ನಮ್ಮ ಅಭಿಪ್ರಾಯ. ಶಾಲೆಯ ಬಾಗಿಲೊಳಗೆ ಯಾರನ್ನು ಬಿಟ್ಟುಕೊಂಡರು ಎಂಬುದು ಶಾಲೆಯ ಹಿರಿಮೆಯನ್ನು ತಿಳಿಸಲಾರದು. ಒಳಗೆ ಬಂದ ಹುಡುಗಿಗೆ ಏನನ್ನು ಕಲಿಸಿದರು, ಯಾರು ಕಲಿಸಿದರು, ಆಕೆ ತಡವರಿಸಿದಾಗ ಏನು ಮಾಡಿದರು ಎಂಬ ಮೂರು ಸಂಗತಿಗಳು ತಿಳಿಸುತ್ತವೆ. ಈ ಮಾತಿಗೆ ಚರಿತ್ರೆಯ ಆಧಾರವನ್ನು ಒದಗಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಲಂಕಾರ ವಿದ್ಯೆಯ ಕಾಲ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಮಧ್ಯಮ ವರ್ಗದ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಎಂಬುದೇ ಅಪರೂಪವಾಗಿತ್ತು. ಅನುಕೂಲಸ್ಥರ ಮನೆಯಲ್ಲಿ ಗವರ್ನೆಸ್ ಎಂಬ ಮನೆಪಾಠದ ಉಪಾಧ್ಯಾಯಿನಿ ಇರುತ್ತಿದ್ದಳು. ಇತರರು ತಮ್ಮ ಹೆಣ್ಣುಮಕ್ಕಳನ್ನು ಹತ್ತಿಪ್ಪತ್ತು ಮಂದಿಯ ಖಾಸಗಿ ಪಾಠದ ಮನೆಗಳಿಗೆ ಕಳುಹಿಸುತ್ತಿದ್ದರು. ಅಲ್ಲಿ ಕಲಿಸುತ್ತಿದ್ದುದು ಸ್ವಲ್ಪ ಫ್ರೆಂಚ್, ಪಿಯಾನೋ, ಚಿತ್ರ ಬಿಡಿಸುವುದು, ಹೊಲಿಗೆ, ಸಭೆಯಲ್ಲಿ ನಡೆದುಕೊಳ್ಳುವ ರೀತಿ. ವಿವಾಹಕ್ಕೆ ಇವು ಸಾಕು ಎಂಬುದು ತಂದೆತಾಯಿಗಳ ಎಣಿಕೆ. ಆದುದರಿಂದ ಶಾಲೆಯನ್ನು ಆರಿಸುವಾಗ ಅವರು ವಿಚಾರಿಸುತ್ತಿದ್ದುದು ಅಲ್ಲಿಗೆ ಯಾವ ಮನೆತನದ ಹುಡುಗಿಯರು ಬರುತ್ತಾರೆ ಎಂಬುದನ್ನು. ಪಾಠಪಟ್ಟಿಯನ್ನು ಕೇಳುವವರು ವಿರಳ.

ಕಲಿಸುವವರ ಸ್ಥಿತಿಯಂತೂ ಇನ್ನೂ ಕನಿಕರ ಹುಟ್ಟಿಸುವಂಥದು. ತಂದೆಯ ಸಾವಿನಿಂದಲೋ ವ್ಯಾಪಾರದ ನಷ್ಟದಿಂದಲೋ ದಿಕ್ಕುಗೆಟ್ಟ ಹೆಂಗಸರಿಗೆ ಮರ್ಯಾದೆಯಿಂದ ಹೊಟ್ಟೆ ಹೊರೆಯಲು ಇದ್ದ ದಾರಿ ಉಪಾಧ್ಯಾಯಿನಿಯ ವೃತ್ತಿಯೊಂದೇ. ತಾವೇ ಸರಿಯಾಗಿ ಕಲಿಯದಿದ್ದವರು ಇತರರಿಗೆ ಕಲಿಸಬೇಕಾಗಿತ್ತು. ಈ ದುಃಸ್ಥಿತಿಯನ್ನು ಕಂಡು ೧೮೪೮ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ ಕ್ವೀನ್ಸ್ ಕಾಲೇಜು, ಮರುವರ್ಷ ಬೆಡ್‌ಫರ್ಡ್ ಕಾಲೇಜು ಸ್ಥಾಪಿತವಾದವು. ಹೆಣ್ಣುಮಕ್ಕಳ ಶಿಕ್ಷಣದ ಸುಧಾರಣೆ ಉಪಾಧ್ಯಾಯಿನಿಯರ ಶಿಕ್ಷಣದಿಂದ ಆರಂಭವಾಯಿತೆಂಬುದನ್ನು ನಮ್ಮ ವೃತ್ತಿಯವರು ವಿಶೇಷವಾಗಿ ನೆನಪಿಡಬೇಕು.

ಇಬ್ಬರು ಮುಖ್ಯೋಪಾಧ್ಯಾಯಿನಿಯರು

ಕ್ವೀನ್ಸ್ ಕಾಲೇಜಿನ ಪಾಠಗಳನ್ನು ಕೇಳಿದವರಲ್ಲಿ ಇಬ್ಬರು ಮುಂದೆ ಬಹಳ ಪ್ರಸಿದ್ಧರಾದರು. ಮೊದಲನೆಯವರು ಫ್ರಾನ್ಸಿಸ್ ಮೇರಿ ಬಸ್. ಇವರ ತಂದೆ ಚಿತ್ರಕಾರ, ವರಮಾನ ಅನಿಶ್ಚಿತ. ಮನೆ ನಡೆಯಬೇಕೆಂದು ತಾಯಿ ಚಿಕ್ಕದೊಂದು ಶಾಲೆಯನ್ನು ನಡೆಸುತ್ತಿದ್ದರು. ಮಗಳು ಎಳೆಯ ವಯಸ್ಸಿನಲ್ಲೇ ಅದರಲ್ಲಿ ಪಾಠ ಹೇಳತೊಡಗಿದರು. ಹಗಲು ಪಾಠ ಹೇಳಿ, ಸಂಜೆ ಕ್ವೀನ್ಸ್ ಕಾಲೇಜಿನ ಉಪನ್ಯಾಸಗಳನ್ನು ಕೇಳಿ ಬರುತ್ತಿದ್ದ ಬಸ್ ಅವರು ೧೮೫೦ರ ಏಪ್ರಿಲಿನಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಲಂಡನ್ನಿನ ಕ್ಯಾಂಡನ್ ಬಡಾವಣೆಯಲ್ಲಿ ನಾರ್ತ್ ಲಂಡನ್ ಕಲೀಜಿಯೇಟ್ ಶಾಲೆಯನ್ನು ತೆರೆದರು. ಮೊದಲ ದಿನ ಬಂದವರು ೩೫ ಹುಡುಗಿಯರು. ವರ್ಷ ಮುಗಿಯುವ ಹೊತ್ತಿಗೆ ೧೧೫. ಮನೆಮಂದಿಯೆಲ್ಲ ಪಾಠಕ್ಕೆ ನಿಂತರು. ಹುಡುಗಿಯ ತಂದೆ ಯಾವ ಕಸುಬಿನವನು, ಯಾವ ಚರ್ಚಿಗೆ ಹೋಗುವವನು ಎಂದು ಈ ಶಾಲೆ ಕೇಳುತ್ತಿರಲಿಲ್ಲ.

ಎರಡನೆಯವರು ಡೊರೊಥಿಯಾ ಬೀಲ್. ಕ್ವೀನ್ಸ್ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಗಣಿತದ ಪಾಠ ಹೇಳಿ, ೧೮೫೮ರಲ್ಲಿ ಚೆಲ್ಟನ್‌ಹ್ಯಾಮಿನ ಲೇಡೀಸ್ ಕಾಲೇಜಿನ ಮುಖ್ಯಸ್ಥರಾದರು. ಆ ಸಂಸ್ಥೆ ಐದು ವರ್ಷಗಳ ಹಿಂದೆ ಸ್ಥಾಪಿತವಾಗಿದ್ದು, ಬೀಲ್ ಅವರು ಬಂದಾಗ ೬೯ ವಿದ್ಯಾರ್ಥಿನಿಯರಿಗೆ ಇಳಿದು ಮುಚ್ಚುವ ಸ್ಥಿತಿಯಲ್ಲಿತ್ತು. ೧೯೦೬ರಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ಬಿಡಲಿಲ್ಲ. ಅಷ್ಟರೊಳಗೆ ಅದು ದೇಶದ ಬಲು ದೊಡ್ಡ ಹೆಣ್ಣುಮಕ್ಕಳ ವಿದ್ಯಾಸಂಸ್ಥೆಗಳಲ್ಲೊಂದಾಗಿತ್ತು.

ಹೀಗೆ ೧೮೫೮ರ ಹೊತ್ತಿಗೇ ಓದುವ ಮಗಳನ್ನುಳ್ಳ ಒಬ್ಬ ವೈದ್ಯನೋ ವಕೀಲನೋ ಎರಡು ಶಾಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಬಹುದಾಗಿತ್ತು. ಒಂದು ಹಗಲು ಶಾಲೆ. ಸಂಜೆ ಮಗಳು ಮನೆಗೆ ಬರುತ್ತಾಳೆ. ಇನ್ನೊಂದಕ್ಕೆ ದೂರದೂರಿನಿಂದ ಬಂದವರು ವಿದ್ಯಾರ್ಥಿನಿಲಯದಲ್ಲಿ ಉಳಿಯುತ್ತಾರೆ. ಒಂದು ಎಲ್ಲರಿಗೂ ತೆರೆದುದು. ಇನ್ನೊಂದು ಮನೆತನದ ಅಂತಸ್ತನ್ನು ವಿಚಾರಿಸಿ ಸೇರಿಸಿಕೊಳ್ಳುವಂಥದು. ಬಸ್ ಅವರಿಗೆ ಸಾರ್ವಜನಿಕ ಪರೀಕ್ಷೆಗಳಲ್ಲಿ ಬಹಳ ನಂಬಿಕೆ. ಬೀಲ್ ಅವರಿಗೆ ಬಹುಮಾನದ ಪೈಪೋಟಿ ಹಿಡಿಸದು. ಸ್ಪರ್ಧೆಯಿಂದ ಅರಳುವ ಹುಡುಗಿಯೂ ಉಂಟು, ಸ್ಪರ್ಧೆಯಿಂದ ಕುಗ್ಗುವ ಹುಡುಗಿಯೂ ಉಂಟು. ಇಬ್ಬರೂ ಓದುವವರೇ. ಇಂದು ಎರಡು ಒಳ್ಳೆಯ ಶಾಲೆಗಳ ನಡುವೆ ತಂದೆತಾಯಿಗಳು ಕಾಣುವ ಅಂತರ ಬಹುಮಟ್ಟಿಗೆ ಇದೇ.

ತಂದೆತಾಯಿಗಳ ಅಭಿರುಚಿ ಶಾಲೆಯನ್ನು ಹೇಗೆ ಕಟ್ಟಿಹಾಕುತ್ತದೆಂಬುದಕ್ಕೆ ಚೆಲ್ಟನ್‌ಹ್ಯಾಮಿನದೇ ಒಂದು ಉದಾಹರಣೆಯಿದೆ. ಗಣಿತವನ್ನು ಬಲ್ಲ ಬೀಲ್ ಅವರು ಆರಂಭದಲ್ಲಿ ಯೂಕ್ಲಿಡನ ರೇಖಾಗಣಿತವನ್ನು ಪಾಠಪಟ್ಟಿಯಲ್ಲಿ ಸೇರಿಸಲು ಧೈರ್ಯ ಮಾಡಲಿಲ್ಲ. ಸೇರಿಸಿದ್ದರೆ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ವಿಜ್ಞಾನವನ್ನು ಅವರು ‘ಪ್ರಾಕೃತಿಕ ಭೂಗೋಳ’ ಎಂಬ ಹೆಸರಿನ ಮರೆಯಲ್ಲಿ ಒಳಗೆ ತಂದರು. ಭೂಗೋಳವೆಂದರೆ ಯಾರಿಗೂ ಹೆದರಿಕೆಯಿಲ್ಲ. ಅದು ಗಂಡುಮಕ್ಕಳ ವಿದ್ಯೆಯೆಂದು ಯಾರೂ ಆಕ್ಷೇಪಿಸಲಿಲ್ಲ. ಒಬ್ಬ ಮುಖ್ಯೋಪಾಧ್ಯಾಯಿನಿ ತನ್ನ ವಿದ್ಯಾರ್ಥಿನಿಯರಿಗೆ ವಿಜ್ಞಾನವನ್ನು ಕಳ್ಳಸಾಗಣೆ ಮಾಡಬೇಕಾಗಿದ್ದ ಕಾಲ ಅದು.

ಲೆಕ್ಕದಲ್ಲಿ ಸೋತ ಹುಡುಗಿಯರು

ಈ ಚರಿತ್ರೆಯ ತಿರುವು ೧೮೬೩ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿದೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಶಾಲೆಯ ಹುಡುಗರಿಗೆ ಸ್ಥಳೀಯ ಪರೀಕ್ಷೆಗಳನ್ನು ನಡೆಸುತ್ತಿತ್ತು. ಎಮಿಲಿ ಡೇವೀಸ್ ಎಂಬ ವಿದುಷಿ ಪಟ್ಟುಹಿಡಿದು, ಅದೇ ಪ್ರಶ್ನಪತ್ರಿಕೆಗಳನ್ನು ಹುಡುಗಿಯರಿಗೂ ಒಮ್ಮೆ ಕೊಟ್ಟುನೋಡಲು ಒಪ್ಪಿಗೆ ಪಡೆದರು. ಸಿದ್ಧತೆಗೆ ಸಿಕ್ಕಿದ್ದು ಸುಮಾರು ಆರು ವಾರ. ಪರೀಕ್ಷೆಗೆ ಕುಳಿತವರು ೮೩ ಮಂದಿ. ಅವರಲ್ಲಿ ೨೫ ಮಂದಿ ಬಸ್ ಅವರ ಶಾಲೆಯವರು. ಇತರ ವಿಷಯಗಳಲ್ಲಿ ಹುಡುಗಿಯರು ತಕ್ಕಷ್ಟು ಚೆನ್ನಾಗಿ ಬರೆದರು. ಅಂಕಗಣಿತದಲ್ಲಿ ಮಾತ್ರ ಹಿರಿಯ ವರ್ಗದವರಲ್ಲಿ ಬಹುಪಾಲು ಮಂದಿ ಸೋತರು.

ಹೆಣ್ಣಿನ ಮಿದುಳಿಗೆ ಗಣಿತ ಸಲ್ಲದೆಂದು ವಾದಿಸುತ್ತಿದ್ದವರಿಗೆ ಇದೊಂದು ಹಬ್ಬವಾಗಬಹುದಾಗಿತ್ತು. ಬಸ್ ಅವರು ಈ ಸೋಲನ್ನು ಬೇರೆ ರೀತಿಯಲ್ಲಿ ಓದಿದರು. ಹುಡುಗಿಯರಿಗೆ ಸೂತ್ರಗಳನ್ನು ಬಾಯಿಪಾಠ ಮಾಡಿಸಿದ್ದಾರೆ, ಲೆಕ್ಕ ಮಾಡುವ ಕಾರಣವನ್ನು ತಿಳಿಸಿಲ್ಲ. ದೋಷ ಕಲಿಸುವ ಕ್ರಮದಲ್ಲಿದೆ ಎಂದು ತಿಳಿದು ಅವರು ಅಂಕಗಣಿತದ ಪಾಠವನ್ನೇ ತಿದ್ದಿದರು. ಎರಡು ವರ್ಷಗಳಲ್ಲಿ ಆ ಶಾಲೆಯ ಫಲಿತಾಂಶ ಸುಧಾರಿಸಿತು. ೧೮೬೫ರಲ್ಲಿ ಕೇಂಬ್ರಿಜ್ ಸ್ಥಳೀಯ ಪರೀಕ್ಷೆಗಳು ಹುಡುಗಿಯರಿಗೆ ವಿಧಿಪೂರ್ವಕವಾಗಿ ತೆರೆದವು. ಮಕ್ಕಳು ಸೋತಾಗ ಶಾಲೆ ಮಕ್ಕಳನ್ನು ದೂರುತ್ತದೆಯೋ, ತನ್ನ ಪಾಠವನ್ನು ತಿದ್ದಿಕೊಳ್ಳುತ್ತದೆಯೋ? ಯಾವ ಶಾಲೆಯನ್ನಾದರೂ ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನಮಗೆ ತೋರದು.

ಇದೇ ಕಾಲದಲ್ಲಿ, ೧೮೬೪ರಲ್ಲಿ, ಇಂಗ್ಲೆಂಡಿನ ಪ್ರೌಢಶಿಕ್ಷಣವನ್ನು ವಿಚಾರಿಸಲು ಒಂದು ರಾಜಕೀಯ ಆಯೋಗ ನೇಮಕವಾಯಿತು. ಅಧ್ಯಕ್ಷರ ಹೆಸರಿನಿಂದ ಅದು ಟಾಂಟನ್ ಆಯೋಗವೆನಿಸಿದೆ. ಹೆಣ್ಣುಮಕ್ಕಳ ಶಾಲೆಗಳನ್ನೂ ವಿಚಾರಣೆಯಲ್ಲಿ ಸೇರಿಸಬೇಕೆಂದು ಎಮಿಲಿ ಡೇವೀಸ್ ಮುಂತಾದವರು ಒತ್ತಾಯಿಸಬೇಕಾಯಿತು. ಡೇವೀಸ್, ಬಸ್, ಬೀಲ್ ಮೂವರೂ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ೧೮೬೮ರಲ್ಲಿ ಪ್ರಕಟವಾದ ವರದಿಯು ಹೆಣ್ಣುಮಕ್ಕಳ ವಿದ್ಯಾಭ್ಯಾಸದಲ್ಲಿ ತಳಹದಿಯಿಲ್ಲ, ಆಳವಿಲ್ಲ, ಮೇಲಿನ ಥಳಕೇ ಹೆಚ್ಚು ಎಂದು ಸ್ಪಷ್ಟವಾಗಿ ಹೇಳಿತು. ದತ್ತಿಯ ಆಧಾರವುಳ್ಳ ಹೆಣ್ಣುಮಕ್ಕಳ ಪ್ರೌಢಶಾಲೆಗಳು ಇಡೀ ಇಂಗ್ಲೆಂಡಿನಲ್ಲಿ ೧೩ ಮಾತ್ರ ಎಂಬುದು ಆಗ ಬೆಳಕಿಗೆ ಬಂತು. ಮರುವರ್ಷದ ಕಾಯಿದೆಯು ಗಂಡುಮಕ್ಕಳಿಗೆಂದು ಮೀಸಲಾಗಿದ್ದ ಹಳೆಯ ದತ್ತಿಗಳ ಹಣದಲ್ಲಿ ಒಂದು ಭಾಗವನ್ನು ಹೆಣ್ಣುಮಕ್ಕಳ ಶಾಲೆಗಳಿಗೆ ತಿರುಗಿಸಲು ದಾರಿ ಮಾಡಿಕೊಟ್ಟಿತು.

ಬಸ್ ಅವರು ತಮ್ಮ ಸ್ವಂತ ಶಾಲೆಯನ್ನು ಟ್ರಸ್ಟಿಗೆ ಒಪ್ಪಿಸಿ, ತಮ್ಮ ಲಾಭವನ್ನು ಬಿಟ್ಟು, ೧೮೭೧ರಲ್ಲಿ ಕಡಿಮೆ ಫೀಜಿನ ಇನ್ನೊಂದು ಶಾಲೆಯನ್ನೂ ತೆರೆದರು. ಅದೇ ಕ್ಯಾಂಡನ್ ಹೆಣ್ಣುಮಕ್ಕಳ ಶಾಲೆ. ಮೊದಲನೆಯ ಶಾಲೆ ಇಂದು ಪರೀಕ್ಷಿಸಿ ಆಯುವ, ಅಧಿಕ ಫೀಜಿನ ಖಾಸಗಿ ಶಾಲೆ. ಎರಡನೆಯದು ಫೀಜಿಲ್ಲದ ಸಾರ್ವಜನಿಕ ಶಾಲೆ. ಒಬ್ಬರೇ ತಾಯಿಯ ಇಬ್ಬರು ಮಕ್ಕಳು ಎರಡು ದಾರಿ ಹಿಡಿದಂತಾಯಿತು. ಎರಡಕ್ಕೂ ಒಳ್ಳೆಯ ಹೆಸರೇ ಇದೆ.

ಷೇರು ಕೂಡಿಸಿ ಕಟ್ಟಿದ ಶಾಲೆಗಳು

೧೮೭೨ರಲ್ಲಿ ಮರಿಯಾ ಗ್ರೇ, ಅವರ ಸೋದರಿ ಎಮಿಲಿ ಶಿರೆಫ್ ಮೊದಲಾದವರು ಕೂಡಿ ಹೆಣ್ಣುಮಕ್ಕಳ ಹಗಲು ಶಾಲೆಗಳಿಗಾಗಿ ಒಂದು ಕಂಪನಿಯನ್ನೇ ಸ್ಥಾಪಿಸಿದರು. ಸಾಮಾನ್ಯ ಜನರಿಂದ ಷೇರು ಹಣ ಕೂಡಿಸಿ, ಒಂದೊಂದು ಊರಿನಲ್ಲಿ ಒಂದೊಂದು ಹೈಸ್ಕೂಲನ್ನು ತೆರೆಯುವುದು ಅದರ ಉದ್ದೇಶ. ಮೊದಲ ಶಾಲೆ ೧೮೭೩ರ ಜನವರಿಯಲ್ಲಿ ಲಂಡನ್ನಿನ ಚೆಲ್ಸೀಯಲ್ಲಿ ಆರಂಭವಾಯಿತು. ಅಂಗಡಿಯವನ ಮಗಳೂ ಪಾದ್ರಿಯ ಮಗಳೂ ಒಂದೇ ಬೆಂಚಿನ ಮೇಲೆ ಕೂರುವಂತಾಯಿತು. ಕಂಪನಿ ಮುಂದೆ ಟ್ರಸ್ಟಾಗಿ, ಇಂದಿಗೂ ಇಪ್ಪತ್ತಕ್ಕೂ ಮಿಕ್ಕ ಶಾಲೆಗಳನ್ನು ನಡೆಸುತ್ತಿದೆ. ಈ ಬಳಗದವರೇ ೧೮೭೮ರಲ್ಲಿ ಉಪಾಧ್ಯಾಯಿನಿಯರ ತರಬೇತಿಗಾಗಿ ಒಂದು ಕಾಲೇಜನ್ನೂ ತೆರೆದರು. ಒಳ್ಳೆಯ ಶಾಲೆಗೆ ಮೊದಲು ಒಳ್ಳೆಯ ಉಪಾಧ್ಯಾಯರು ಬೇಕೆಂಬುದನ್ನು ಅವರು ಮರೆಯಲಿಲ್ಲ.

ಫಲ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. ಬಸ್ ಅವರ ಶಾಲೆಯಲ್ಲಿ ೧೮೭೫ರಿಂದ ಗಣಿತ ಕಲಿಸುತ್ತಿದ್ದ ಸೋಫಿ ಬ್ರಯಂಟ್ ಅವರು ೧೮೮೪ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿ ಪಡೆದರು, ಇಂಗ್ಲೆಂಡಿನಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರು. ೧೮೯೫ರಲ್ಲಿ ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. ಕಂಪನಿಯ ಕ್ಲಾಪಮ್ ಹೈಸ್ಕೂಲಿನಲ್ಲಿ ಓದಿದ ಫಿಲಿಪ್ಪಾ ಫಾಸೆಟ್ ಅವರು ೧೮೯೦ರಲ್ಲಿ ಕೇಂಬ್ರಿಜಿನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನದ ಪುರುಷನಿಗಿಂತಲೂ ಹೆಚ್ಚು ಅಂಕ ಗಳಿಸಿದರು. ಆದರೂ ಪದವಿ ಅವರಿಗೆ ದೊರೆಯಲಿಲ್ಲ. ಹೆಂಗಸರಿಗೆ ಪೂರ್ಣ ಪದವಿ ಕೊಡಲು ಕೇಂಬ್ರಿಜ್ ೧೯೪೮ರವರೆಗೆ ಒಪ್ಪಲಿಲ್ಲ. ಲೆಕ್ಕದಲ್ಲಿ ಹುಡುಗಿಯರು ಸೋತ ಆ ಡಿಸೆಂಬರಿಗೂ ಈ ಗೆಲುವಿಗೂ ನಡುವೆ ಇಪ್ಪತ್ತೇಳು ವರ್ಷ. ಇಷ್ಟು ವರ್ಷಗಳಲ್ಲಿ ಹೆಣ್ಣಿನ ಮಿದುಳು ಬದಲಾಗಲಿಲ್ಲ, ಬದಲಾದುದು ಶಾಲೆ.

ಆಯ್ಕೆ ಎಂಬುದರ ಅರ್ಥ

ಆರಂಭದ ಶಾಲೆಗಳಿಗೆ ವಿದ್ಯಾರ್ಥಿನಿಯರನ್ನು ಹುಡುಕುವುದೇ ಕಷ್ಟವಾಗಿತ್ತು. ಬೇಡಿಕೆ ಸ್ಥಾನಗಳನ್ನು ಮೀರಿದ ಮೇಲೆ ಆಯುವ ಪದ್ಧತಿ ಬಲವಾಯಿತು. ೧೯೦೭ರಲ್ಲಿ, ಪೂರ್ಣ ಸರ್ಕಾರಿ ನೆರವನ್ನು ಬಯಸುವ ಪ್ರೌಢಶಾಲೆಗಳು ತಮ್ಮ ಸ್ಥಾನಗಳಲ್ಲಿ ಕಾಲು ಭಾಗವನ್ನು ಪ್ರಾಥಮಿಕ ಶಾಲೆಗಳಿಂದ ಬಂದವರಿಗೆ ಫೀಜಿಲ್ಲದೆ ಕೊಡಬೇಕೆಂಬ ನಿಯಮ ಬಂತು. ೧೯೪೪ರ ಶಿಕ್ಷಣ ಕಾಯಿದೆಯ ತರುವಾಯ ಹನ್ನೊಂದನೆಯ ವಯಸ್ಸಿನ ಪರೀಕ್ಷೆ ದೇಶವ್ಯಾಪಿಯಾಯಿತು. ಅದರಲ್ಲಿ ಗೆದ್ದವರಿಗೆ ಗ್ರಾಮರ್ ಶಾಲೆ. ಕಂಪನಿಯ ಶಾಲೆಗಳಂಥ ಹಲವು ಶಾಲೆಗಳು ಸರ್ಕಾರದಿಂದ ನೇರ ಅನುದಾನ ಪಡೆದು, ಒಂದು ಪಾಲು ಸ್ಥಾನಗಳನ್ನು ಬಡವರ ಮಕ್ಕಳಿಗೆ ಬಿಡುತ್ತಿದ್ದವು. ಈ ಅನುದಾನವನ್ನು ೧೯೭೬ರಿಂದ ಹಂತಹಂತವಾಗಿ ನಿಲ್ಲಿಸಲಾಯಿತು. ಆ ಶಾಲೆಗಳಲ್ಲಿ ಬಹುಪಾಲು ಪೂರ್ಣ ಖಾಸಗಿಯಾದವು. ೧೯೮೦ರ ಕಾಯಿದೆಯಿಂದ ಬಡ ಪ್ರತಿಭಾವಂತರ ಫೀಜನ್ನು ಸರ್ಕಾರ ಭರಿಸುವ ಯೋಜನೆಯೊಂದು ಬಂದು, ೧೯೯೭ರಲ್ಲಿ ಅದೂ ರದ್ದಾಯಿತು. ೨೦೨೫ರ ಜನವರಿ ೧ರಿಂದ ಖಾಸಗಿ ಶಾಲೆಯ ಫೀಜಿನ ಮೇಲೆ ನೂರಕ್ಕೆ ೨೦ರಂತೆ ತೆರಿಗೆ ಬಿದ್ದಿದೆ. ಬಡವರ ಮಗಳಿಗೆ ಶಾಲೆಯ ಸ್ವಂತ ವಿದ್ಯಾರ್ಥಿವೇತನವೇ ಈಗ ಉಳಿದಿರುವ ಮುಖ್ಯ ಆಸರೆ.

ಆಯ್ಕೆಯ ತಕ್ಕಡಿ ಯಾವಾಗಲೂ ಸಮನಾಗಿತ್ತೆಂದು ತಿಳಿಯಬಾರದು. ಬರ್ಮಿಂಗ್‌ಹ್ಯಾಮಿನಲ್ಲಿ ಆಯ್ದು ಸೇರಿಸುವ ಶಾಲೆಗಳಲ್ಲಿ ವರ್ಷಕ್ಕೆ ಹುಡುಗರಿಗೆ ೫೪೦ ಸ್ಥಾನಗಳೂ ಹುಡುಗಿಯರಿಗೆ ೩೬೦ ಸ್ಥಾನಗಳೂ ಇದ್ದುವು. ಹುಡುಗನಿಗೆ ಸಾಕಾಗುವ ಅಂಕ ಹುಡುಗಿಗೆ ಸಾಲದು. ೧೯೮೯ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಪೀಠ ಇದು ಲಿಂಗಭೇದ ನಿಷೇಧ ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತಿತು. ಆಯ್ಕೆಯಲ್ಲಿ ಸೋತ ಹುಡುಗಿ ದಡ್ಡಿ ಎನ್ನುವವರು ಈ ಎರಡು ಸಂಖ್ಯೆಗಳನ್ನು ನೆನೆಯಬೇಕು.

ಫಲಿತಾಂಶದ ಪಟ್ಟಿಯ ಮಾತೂ ಹೀಗೆಯೇ. ೧೯೯೨ರಿಂದ ಇಂಗ್ಲೆಂಡಿನ ಸರ್ಕಾರ ಶಾಲಾವಾರು ಪರೀಕ್ಷಾ ಫಲಿತಾಂಶವನ್ನು ಪ್ರಕಟಿಸತೊಡಗಿತು. ಪತ್ರಿಕೆಗಳು ಅದನ್ನು ಮೊದಲನೆಯದು, ಎರಡನೆಯದು ಎಂದು ಕ್ರಮವಾಗಿ ಜೋಡಿಸಿದವು. ನೂರು ಮಂದಿಯಲ್ಲಿ ಹತ್ತು ಮಂದಿಯನ್ನು ಆಯ್ದುಕೊಂಡ ಶಾಲೆಯವರೆಲ್ಲ ತೇರ್ಗಡೆಯಾದರೆ ಅದರಲ್ಲಿ ಆಶ್ಚರ್ಯವೇನು? ಬಿತ್ತನೆಗೆ ಗಟ್ಟಿಕಾಳನ್ನೇ ಆರಿಸಿಕೊಂಡವನು ಬೆಳೆಯೆಲ್ಲ ತನ್ನ ಬೇಸಾಯದ್ದೇ ಮಹಿಮೆ ಎಂದ ಹಾಗಾಯಿತು. ಎರಡೂ ಶಾಲೆಗಳು ಗಟ್ಟಿಕಾಳನ್ನೇ ಆಯ್ದಿರುವಾಗ, ಅವುಗಳ ಅಂಕದ ನಡುವಿನ ಒಂದೆರಡು ನೂರಂಶದ ಅಂತರ ಮಗಳ ಬಾಳಿಗೆ ಏನನ್ನೂ ಹೇಳುವುದಿಲ್ಲ.

ಇಬ್ಬರು ಹುಡುಗಿಯರು, ಎರಡು ಶಾಲೆಗಳು

ಈ ವಿಚಾರಕ್ಕೆ ನಿದರ್ಶನವಾಗಿ ಇಬ್ಬರು ವಿಜ್ಞಾನಿಗಳ ಶಾಲಾಜೀವನವನ್ನು ನೋಡೋಣ.

ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆ ಆರಂಭವಾದುದು ೧೯೦೪ರಲ್ಲಿ. ಹದಿನಾರನೆಯ ಶತಮಾನದ ಆದಿಯಲ್ಲಿ ಜಾನ್ ಕಾಲೆಟ್ ಎಂಬ ಧರ್ಮಾಧಿಕಾರಿ ಹುಡುಗರ ಶಾಲೆಗೆಂದು ಬಿಟ್ಟಿದ್ದ ದತ್ತಿಯ ಹಣವೇ ಇದಕ್ಕೂ ಆಧಾರ. ನಾಲ್ಕು ಶತಮಾನಗಳ ಮೇಲೆ ಹೆಣ್ಣುಮಕ್ಕಳಿಗೆ ಅದರ ಪಾಲು ದೊರೆಯಿತು. ಪ್ರಸಿದ್ಧ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ ಅವರು ೧೯೦೫ರಿಂದ ೧೯೩೪ರವರೆಗೆ ಇಲ್ಲಿ ಸಂಗೀತದ ಉಪಾಧ್ಯಾಯರಾಗಿದ್ದರು. ಪ್ರವೇಶ ಪರೀಕ್ಷೆಯ ಮೂಲಕ ಆಯುವ ಈ ಶಾಲೆಗೆ ೧೯೩೨ರಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಸೇರಿದರು. ಹುಡುಗಿಯರಿಗೆ ಭೌತಶಾಸ್ತ್ರ ರಸಾಯನಶಾಸ್ತ್ರಗಳನ್ನು ಸರಿಯಾಗಿ ಕಲಿಸುತ್ತಿದ್ದ ಲಂಡನ್ನಿನ ಕೆಲವೇ ಶಾಲೆಗಳಲ್ಲಿ ಇದೊಂದು. ೧೯೩೮ರಲ್ಲಿ ಆಕೆ ಇಲ್ಲಿಂದ ಕೇಂಬ್ರಿಜಿಗೆ ಹೋದರು. ೧೯೫೨ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ತೆಗೆದ ಎಕ್ಸ್-ರೇ ಚಿತ್ರ ಡಿ.ಎನ್.ಎ.ಯ ರಚನೆಯನ್ನು ತಿಳಿಯಲು ಮುಖ್ಯ ಆಧಾರವಾಯಿತು. ಹುಡುಗಿಯ ಒಲವಿಗೆ ಶಾಲೆಯ ಪ್ರಯೋಗಶಾಲೆ ಒದಗಿಬಂತು. ಪಾಠಪಟ್ಟಿಯಲ್ಲಿದ್ದುದು ಪಟ್ಟಿಯಲ್ಲೇ ಉಳಿಯದೆ ಕೈಗೆ ಸಿಕ್ಕಿತು.

ಇನ್ನೊಬ್ಬರು ಡೊರೊಥಿ ಹಾಡ್ಜ್‌ಕಿನ್. ಶಾಲೆಯ ದಿನಗಳಲ್ಲಿ ಡೊರೊಥಿ ಕ್ರೋಫುಟ್. ೧೯೨೧ರಲ್ಲಿ ಅವರು ಸೇರಿದುದು ಬೆಕಲ್ಸ್ ಎಂಬ ಚಿಕ್ಕ ಪಟ್ಟಣದ, ಹುಡುಗರೂ ಹುಡುಗಿಯರೂ ಕೂಡಿ ಓದುವ ಸಾಧಾರಣ ಶಾಲೆ. ಅಲ್ಲಿ ರಸಾಯನಶಾಸ್ತ್ರ ಹುಡುಗರಿಗೆ ಮಾತ್ರ. ಕೇಳಿಕೊಂಡುದರಿಂದ ಆಕೆಗೂ ಇನ್ನೊಬ್ಬ ಹುಡುಗಿಗೂ ಹುಡುಗರ ಜೊತೆ ಕೂರಲು ಅಪ್ಪಣೆಯಾಯಿತು. ಆಕ್ಸ್‌ಫರ್ಡಿನ ಪ್ರವೇಶಕ್ಕೆ ಲ್ಯಾಟಿನ್ ಬೇಕು. ಶಾಲೆಯಲ್ಲಿ ಲ್ಯಾಟಿನ್ ಇಲ್ಲ. ಮುಖ್ಯೋಪಾಧ್ಯಾಯರು ತಾವೇ ಆಕೆಗೆ ಬೇರೆಯಾಗಿ ಪಾಠ ಹೇಳಿದರು. ಮನೆಯಲ್ಲಿ ತಾಯಿ ಒಳ್ಳೆಯ ವಿಜ್ಞಾನದ ಪುಸ್ತಕಗಳನ್ನು ತಂದುಕೊಟ್ಟರು. ೧೯೨೮ರಲ್ಲಿ ಆಕೆ ಆಕ್ಸ್‌ಫರ್ಡಿಗೆ ಹೋದರು. ೧೯೬೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಅವರ ಬಳಿ ಇನ್ಸುಲಿನ್ನಿನ ರಚನೆಯ ಮೇಲೆ ದುಡಿದ ಎಂ. ವಿಜಯನ್ ಅವರು ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ವಿದ್ಯೆಯ ಒಂದು ಪೀಳಿಗೆಯನ್ನೇ ಬೆಳೆಸಿದರು. ಬೆಕಲ್ಸಿನ ಆ ಲ್ಯಾಟಿನ್ ಪಾಠದ ಪುಣ್ಯದಲ್ಲಿ ಕನ್ನಡ ನಾಡಿಗೂ ಒಂದು ಪಾಲು ಸಂದಿತೆನ್ನಬಹುದು.

ಈ ಇಬ್ಬರಿಂದ ಆಯುವ ಶಾಲೆ ವ್ಯರ್ಥವೆಂದಾಗಲಿ, ಸಾಧಾರಣ ಶಾಲೆ ಸಾಕೆಂದಾಗಲಿ ತೀರ್ಮಾನಿಸುವುದು ಆತುರವಾದೀತು. ಕ್ರೋಫುಟ್ ಅವರಂತೆ ಕೇಳಿ ಪಡೆಯುವ ಧೈರ್ಯ ಎಷ್ಟು ಹುಡುಗಿಯರಿಗಿದ್ದೀತು? ಬ್ರಿಟನ್ನಿನ ಭೌತಶಾಸ್ತ್ರ ಸಂಸ್ಥೆ ೨೦೧೨ರಲ್ಲಿ ಹೊರತಂದ ವರದಿಯೊಂದು ಇಲ್ಲಿ ಗಮನಾರ್ಹ. ಇಂಗ್ಲೆಂಡಿನ ಸರ್ಕಾರಿ ಸಹಶಿಕ್ಷಣ ಶಾಲೆಗಳಲ್ಲಿ ನೂರಕ್ಕೆ ೪೯ರಿಂದ ೨೦೧೧ರಲ್ಲಿ ಒಬ್ಬ ಹುಡುಗಿಯೂ ಭೌತಶಾಸ್ತ್ರದ ಉನ್ನತ ಪರೀಕ್ಷೆಗೆ ಹೋಗಿರಲಿಲ್ಲ. ವಿಷಯ ಪಾಠಪಟ್ಟಿಯಲ್ಲಿದೆ, ಬಾಗಿಲು ತೆರೆದಿದೆ. ಆದರೂ ಹುಡುಗಿ ಒಳಗೆ ಹೋಗಳು. ಆದಕಾರಣ ಶಾಲೆಯಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದರೆ ಸಾಲದು. ಅದನ್ನು ಎಷ್ಟು ಮಂದಿ ಹುಡುಗಿಯರು ಕಲಿಯುತ್ತಿದ್ದಾರೆ ಎಂದೂ ಕೇಳಬೇಕು.

ತಂದೆತಾಯಿಗಳು ಕೇಳಬೇಕಾದುದು

ಮೇಲಿನ ಚರಿತ್ರೆಯಿಂದ ಕೆಲವು ಪ್ರಶ್ನೆಗಳು ತಾವಾಗಿ ಮೂಡುತ್ತವೆ. ಗಣಿತ, ವಿಜ್ಞಾನ, ಭಾಷೆ ಇವುಗಳಿಗೆ ಆಯಾ ವಿಷಯವನ್ನು ಓದಿದ ಉಪಾಧ್ಯಾಯರಿದ್ದಾರೆಯೇ? ಅವರು ಶಾಲೆಯಲ್ಲಿ ನೆಲೆನಿಲ್ಲುತ್ತಾರೆಯೇ, ವರ್ಷಕ್ಕೊಬ್ಬರಂತೆ ಬದಲಾಗುತ್ತಾರೆಯೇ? ತರಗತಿಯ ಮೊದಲಿಗಳಾಗಿದ್ದ ಹುಡುಗಿ, ಎಲ್ಲರೂ ಮೊದಲಿಗರೇ ಆಗಿರುವ ಶಾಲೆಗೆ ಬಂದು ಮೊದಲ ಬಾರಿಗೆ ಹಿಂದೆ ಬಿದ್ದಾಗ ಆಕೆಯನ್ನು ವಿಚಾರಿಸುವವರು ಯಾರು? ಪುಸ್ತಕ ಭಂಡಾರ ಬೀಗದೊಳಗಿದೆಯೇ, ಮಕ್ಕಳ ಕೈಯಲ್ಲಿದೆಯೇ? ದಿನಕ್ಕೆ ಎಷ್ಟು ಹೊತ್ತು ದಾರಿಯಲ್ಲಿ ಕಳೆಯುತ್ತದೆ? ಮೊದಲ ವರ್ಷದ ಫೀಜನ್ನು ಕೊಡಬಲ್ಲವರು ಏಳನೆಯ ವರ್ಷದ್ದನ್ನೂ ಕೊಡಬಲ್ಲರೇ? ಕಡೆಯದಾಗಿ, ಮಗಳನ್ನು ಕೇಳಿದ್ದಾರೆಯೇ? ಏಳು ವರ್ಷ ಅಲ್ಲಿ ಕೂರಬೇಕಾದವಳು ಅವಳು. ಇವುಗಳಲ್ಲಿ ಒಂದಕ್ಕೂ ಫಲಿತಾಂಶದ ಪಟ್ಟಿಯಲ್ಲಿ ಉತ್ತರವಿಲ್ಲ. ಶಾಲೆಗೆ ಹೋಗಿ, ಪಾಠ ನಡೆಯುವಾಗ ಕುಳಿತು ನೋಡಿದರೆ ಬಹುಮಟ್ಟಿಗೆ ದೊರೆಯುತ್ತದೆ.

ನಮ್ಮ ಗಡಿನಾಡಿನ ಕಡ

ಇಂಗ್ಲೆಂಡಿನ ಈ ಮಾತು ಗಡಿನಾಡಿನ ಕನ್ನಡ ಉಪಾಧ್ಯಾಯರಿಗೇಕೆ ಎಂದು ವಾಚಕರು ಕೇಳಬಹುದು. ನಮ್ಮಲ್ಲೂ ಹೆಣ್ಣುಮಕ್ಕಳ ವಿದ್ಯೆಯ ಚರಿತ್ರೆ ತೀರ ಹಿಂದುಳಿದುದಲ್ಲ. ಮೈಸೂರಿನಲ್ಲಿ ೧೮೮೧ರಲ್ಲಿ ಆರಂಭವಾದ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಮುಂದೆ ಕಾಲೇಜಾಗಿ ಬೆಳೆಯಿತು. ಆದರೆ ರಾಜ್ಯದ ಎಲ್ಲೆಯಾಚೆ ಇರುವ ನಮಗೆ ಶಾಲೆಯ ಆಯ್ಕೆಯಲ್ಲಿ ಒಂದು ತೊಡಕು ಹೆಚ್ಚು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಪ್ರಾಥಮಿಕ ಹಂತ ಮುಗಿದೊಡನೆ ಆ ವಿಧಿಯ ಕೈ ನಿಲ್ಲುತ್ತದೆ; ಓದುವ ಮಗಳ ತಂದೆತಾಯಿಗಳ ಚಿಂತೆ ಅಲ್ಲಿಂದಲೇ ಆರಂಭ. ಕಾಸರಗೋಡಿನಲ್ಲಾಗಲಿ, ಜತ್ತ ಅಕ್ಕಲಕೋಟೆಗಳಲ್ಲಾಗಲಿ, ತಾಳವಾಡಿಯಲ್ಲಾಗಲಿ, ಒಂದು ಕಡೆ ಕನ್ನಡ ಕಲಿಸುವ ಪ್ರೌಢಶಾಲೆ, ಇನ್ನೊಂದು ಕಡೆ ಫೀಜು ಕೊಟ್ಟು ಸೇರುವ ಇಂಗ್ಲಿಷ್ ಶಾಲೆ. ಮಗಳ ಕೈ ಹಿಡಿದುಕೊಂಡು ನಡುವೆ ನಿಂತವರು ನಮ್ಮ ಊರಿನವರೇ.

ಅವರು ನಮ್ಮನ್ನು ಕೇಳಿದಾಗ ಭಾಷಾಭಿಮಾನದ ಮಾತನ್ನು ಮಾತ್ರ ಆಡಿದರೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಇಂಗ್ಲಿಷ್ ಶಾಲೆಗೆ ಕೇಳಬೇಕೆಂದು ಮೇಲೆ ಹೇಳಿದ ಪ್ರಶ್ನೆಗಳನ್ನು ನಮ್ಮ ಕನ್ನಡ ಶಾಲೆಗೂ ಕೇಳುವ ಹಕ್ಕು ಆ ತಂದೆತಾಯಿಗಳಿಗಿದೆ. ವಿಜ್ಞಾನಕ್ಕೆ ಉಪಾಧ್ಯಾಯರಿಲ್ಲದ ಕನ್ನಡ ಶಾಲೆಗೆ ಓದುವ ಮಗಳನ್ನು ಕಳುಹಿಸಿರೆಂದು ಹೇಳಲು ನಮಗೆ ನಾಲಗೆ ಬಾರದು. ಆದರೆ ಆಯ್ಕೆ ಯಾವಾಗಲೂ ಅಷ್ಟು ಕಟುವಾಗಿರಬೇಕಾಗಿಲ್ಲ. ತಾನು ಚೆನ್ನಾಗಿ ಬಲ್ಲ ನುಡಿಯಲ್ಲಿ ವಿಷಯವನ್ನು ಗ್ರಹಿಸಿದ ಹುಡುಗಿ ಇನ್ನೊಂದು ನುಡಿಯನ್ನು ಅದರ ಮೇಲೆ ಕಟ್ಟಬಲ್ಲಳು, ಕಟ್ಟಿಸುವವರು ಬೇಕು. ಬೆಕಲ್ಸಿನ ಶಾಲೆಯಲ್ಲಿ ಲ್ಯಾಟಿನ್ ಇರಲಿಲ್ಲ, ಲ್ಯಾಟಿನ್ ಹೇಳಿಕೊಟ್ಟ ಮುಖ್ಯೋಪಾಧ್ಯಾಯರಿದ್ದರು. ನಮ್ಮ ಶಾಲೆಯಲ್ಲಿ ಇಲ್ಲದುದು ಇಂಗ್ಲಿಷೋ, ಭೌತಶಾಸ್ತ್ರದ ಪ್ರಯೋಗವೋ, ಪ್ರವೇಶ ಪರೀಕ್ಷೆಯ ಅಭ್ಯಾಸವೋ, ಅದನ್ನು ಸಂಜೆ ಒಂದು ಗಂಟೆ ಕುಳಿತು ತುಂಬಿಕೊಡುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ.

ನೂರೆಪ್ಪತ್ತು ವರ್ಷಗಳಿಗೂ ಹಿಂದೆ ಮೂವತ್ತೈದು ಹುಡುಗಿಯರೊಡನೆ ಆರಂಭವಾದ ಶಾಲೆಗೆ ಇಂದು ಮಕ್ಕಳು ಪರೀಕ್ಷೆ ಕೊಟ್ಟು, ಸ್ಥಾನಕ್ಕಾಗಿ ಕಾಯುತ್ತಾರೆ. ಅದಕ್ಕೆ ಆ ಕೀರ್ತಿಯನ್ನು ತಂದುದು ಆಯ್ದುಕೊಳ್ಳುವ ಅಧಿಕಾರವಲ್ಲ. ಲೆಕ್ಕದಲ್ಲಿ ಸೋತ ಹುಡುಗಿಯರನ್ನು ಬಿಟ್ಟುಕೊಡದೆ ಪಾಠವನ್ನು ತಿದ್ದಿದ ಒಬ್ಬ ಉಪಾಧ್ಯಾಯಿನಿಯ ದುಡಿಮೆ. ಗಡಿನಾಡಿನ ನಮ್ಮ ಶಾಲೆಗಳಲ್ಲಿ ಅಂಥ ದುಡಿಮೆ ನಡೆಯುತ್ತಿರುವ ಕಡೆ, ಮೇಷ್ಟ್ರೇ ಯಾವ ಶಾಲೆ ಎಂದು ಕೇಳಿ ಬಂದವರಿಗೆ ನಾವು ಸಂಕೋಚವಿಲ್ಲದೆ ನಮ್ಮ ಶಾಲೆಯ ಬಾಗಿಲನ್ನು ತೋರಿಸಬಹುದು. ನಡೆಯದಿರುವ ಕಡೆ ಅದನ್ನು ಈ ವರ್ಷವೇ ಆರಂಭಿಸುವುದು ಲೇಸು. ಆ ಊರಿನ ಓದುವ ಹುಡುಗಿ ಬರುವ ವರ್ಷ ಪ್ರಾಥಮಿಕ ಶಾಲೆಯನ್ನು ಮುಗಿಸುತ್ತಾಳೆ.